ಮಾಳಿಗೆಯ ಮೇಲಿನ ಮಣ್ಣು

ನಾನು ಆಕೆಯನ್ನು ಮೊದಲ ಸಲ ನೋಡಿದ್ದು ಮಾಳಿಗೆಯ ಮೇಲೆ. ನನ್ನ ಯಜಮಾನರಿಗೆ ಬಬಲೇಶ್ವರಕ್ಕೂ ತಿಕೋಟಾಕ್ಕೂ ನಡುವಿನ ಒಂದು ಸಣ್ಣ ಊರಿನ ಶಾಲೆಗೆ ವರ್ಗವಾಗಿತ್ತು. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಬಲೇಶ್ವರದಲ್ಲಿ ಬಸ್ಸಿಳಿದು, ಟ್ರಂಕು, ಹಾಸಿಗೆ ಸುರುಳಿ, ಸ್ಟೋವು ಎಲ್ಲವನ್ನೂ ಚಕ್ಕಡಿಗೆ ಹೇರಿಕೊಂಡು ನಾವು ಊರು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಬಾಡಿಗೆಗೆ ಗೊತ್ತು ಮಾಡಿದ್ದ ಮನೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ ಗಂಡಸಿನಂಥ ದನಿಯೊಂದು ಕೇಳಿ ತಲೆಯೆತ್ತಿದರೆ, ಕಚ್ಚೆ ಹಾಕಿದ ಸೀರೆ, ಮೊಣಕಾಲತನಕ ಮಣ್ಣು, ಕೈಯಲ್ಲಿ ಸಲಿಕೆ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು.

"ಯಾರ್ರೀ ಅದು? ಸಾಲಿ ಮಾಸ್ತರೇನ್ರಿ? ಹಂಗ ದನದ ಮನ್ಯಾಗ ಹಾದು ಒಳಗ ಹೋಗ್ರಿ. ಎಡಕಿನ ಎತ್ತಿನ ಹಿಂದ ನಿಂದ್ರಬ್ಯಾಡ್ರಿ, ಒದಿತೈತಿ."

ಸ್ವಾಗತ ಅಂದರೆ ಅಷ್ಟೇ. ಸಂಜೆ ಕೈಕಾಲು ತೊಳೆದುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ಬಂದು ಕೂತಳು. ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ ಕೇಳಿದಳು.

"ಬಿಜಾಪುರದಾಗ ನಿಮ್ಮ ಮನಿ ಮ್ಯಾಲ ಏನ ಹಾಕ್ಯಾರ ಬೇ?"

"ಕಲ್ಲ ಹಾಸ್ಯಾರ್ರಿ."

"ಕಲ್ಲ ಹೊತ್ಕೊಂಡ ಮಲಗಾಕ ಅದೇನ ಗೋರಿ ಏನ?"

ನಾನು ಬಂದದ್ದೂ ಗೋರಿಗಳ ಊರಿನಿಂದಲೇ. ಆಕೆ ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲ ದಿನವೇ ನನಗೆ ಆಕೆಯ ಮೇಲೆ ಸಿಟ್ಟು ಬಂತು.

ಹೆಸರು ಬರೆಯುವುದಿಲ್ಲ. ಊರಿನವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬ ಮಗ, ಕಳ್ಳಕವಟಗಿಯಿಂದ ತಂದ ಸೊಸೆ, ಇಬ್ಬರು ಸಣ್ಣ ಮೊಮ್ಮಕ್ಕಳು. ಹೊಲವಿತ್ತು, ದನಗಳಿದ್ದವು, ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಆಕೆಯ ಪ್ರಾಣವೆಲ್ಲ ಇದ್ದದ್ದು ಮನೆಯ ಮುಂಭಾಗದ ದನದ ಮನೆಯಲ್ಲಿ.

ಆ ಸೀಮೆಯಲ್ಲಿ ದನಗಳನ್ನು ಹಿತ್ತಿಲಿಗೆ ಅಟ್ಟುವುದಿಲ್ಲ. ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ಅವುಗಳ ಜಾಗ, ಅದನ್ನು ಹಾದು ಮನುಷ್ಯರ ಜಾಗಕ್ಕೆ ಹೋಗಬೇಕು. ಈ ದನದ ಮನೆಯಂತೂ ಹಿಂದಿನ ಮನೆಗಿಂತ ದೊಡ್ಡದಾಗಿತ್ತು. ಆಕೆಯ ಮಾವ ಕಟ್ಟಿಸಿದ್ದು. ಜಾಲಿಯ ಕಂಬಗಳು, ಬೇವಿನ ತೊಲೆಗಳು, ದನಗಳು ಮೈ ತಿಕ್ಕಿ ತಿಕ್ಕಿ ಕಂಬಗಳು ಸೊಂಟದೆತ್ತರದವರೆಗೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿದ್ದವು. ಗೋಡೆಗುಂಟ ಮೇವು ಹಾಕುವ ಗ್ವಾದಲಿ, ಮೂಲೆಯಲ್ಲಿ ಕೂರಿಗೆ, ಕುಂಟೆ, ನೊಗ. ಅದರ ಪಕ್ಕದ ಗೋಡೆಗೆ ಅಂಟಿಕೊಂಡೇ ನಮ್ಮ ಬಾಡಿಗೆ ಕೋಣೆ. ಅದಕ್ಕೆ ಅಂಗಳದ ಕಡೆ ಬೇರೆ ಬಾಗಿಲಿತ್ತು. ಕೊಟ್ಟಿಗೆ ಎಂದರೆ ದೊಡ್ಡವ್ವನಿಗೆ ಆಗುತ್ತಿರಲಿಲ್ಲ.

"ಮನಿ ಅನ್ನು. ಅವೂ ನಮ್ಮಂಗ ಸಂಸಾರಸ್ಥರು."

ಬಂದ ಹೊಸದರಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆಂದು ಆ ಗೋಡೆಗೆ ಒಂದು ಮೊಳೆ ಹೊಡೆದೆ. ಎರಡನೇ ಪೆಟ್ಟು ಬೀಳುವ ಮೊದಲೇ ಆಕೆ ಬಾಗಿಲಲ್ಲಿದ್ದಳು. "ಯಾರ ಎದಿಗಿ ಮೊಳಿ ಹೊಡಿಯಾಕತ್ತೀ ಬೇ?" ಎಂದವಳೇ ಮೊಳೆಯನ್ನು ಕಿತ್ತು, ಸೆಗಣಿ ಮಣ್ಣು ಕಲಸಿ ತೂತು ಮುಚ್ಚಿ, ಕೂಸಿನ ನೆತ್ತಿ ಸವರುವಂತೆ ಅಂಗೈಯಿಂದ ಸವರಿ ಹೋದಳು. ನಾನು ಅತ್ತುಬಿಟ್ಟೆ. ಮರುದಿನ ನೋಡಿದರೆ ಮಗನ ಕೈಯಿಂದ ಅಂಗಳದಲ್ಲಿ ಎರಡು ಕವಲುಗೂಟ ನೆಡಿಸಿ, ಹೊಸ ಹಗ್ಗ ಬಿಗಿಸಿದ್ದಳು. ಕ್ಷಮೆ ಕೇಳುವುದು ಆಕೆಗೆ ಬರುತ್ತಿರಲಿಲ್ಲ, ಹೀಗೆ ಏನಾದರೂ ಮಾಡಿ ಮುಗಿಸುತ್ತಿದ್ದಳು.

ನಿಧಾನವಾಗಿ ನನಗೂ ಆ ದನದ ಮನೆಯ ಹುಚ್ಚು ಹಿಡಿಯಿತು. ನಿಜ ಹೇಳಬೇಕೆಂದರೆ, ಅಂಥ ಸುಖದ ಜಾಗವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬೇಸಿಗೆಯಲ್ಲಿ ಹೊರಗೆ ಕರಿನೆಲ ಬಿರಿದು ಕಾಲಿಟ್ಟರೆ ಸುಡುತ್ತಿರುವಾಗ ಒಳಗೆ ತಂಪು. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲುಕೋಲು ಇಳಿದು, ಹೊತ್ತು ಹೋದಂತೆ ಒಂದು ಎಮ್ಮೆಯ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ಸರಿಯುತ್ತಿತ್ತು. ಓಣಿಯ ಹೆಂಗಸರೆಲ್ಲ ಬೇಳೆ ಕೇರಲು, ಕೌದಿ ಹೊಲಿಯಲು ಅಲ್ಲಿಗೇ ಬರುತ್ತಿದ್ದರು. ಮಳೆಗಾಲದಲ್ಲಿ ಬೆಳಕಿಂಡಿಗೆ ಮುಚ್ಚಳ ಬಿದ್ದು ಒಳಗೆ ಮಬ್ಬು. ನೆನೆದು ಬಂದ ದನಗಳ ಮೈಯಿಂದ ಹಬೆ ಏಳುತ್ತಿತ್ತು, ಮಗ ಕಂಬಕ್ಕೆ ಪುಂಡಿನಾರು ಕಟ್ಟಿ ಹಗ್ಗ ಹೊಸೆಯುತ್ತಿದ್ದ. ಕಾರಹುಣ್ಣಿಮೆ ದಿನ ಎತ್ತುಗಳ ಕೋಡಿಗೆ ಬಣ್ಣ ಬಳಿಯುವಾಗ ದೊಡ್ಡವ್ವನ ಗದ್ದಲ ಕೇಳಬೇಕು. ಮದುಮಗನನ್ನು ಸಿಂಗರಿಸುವವರೂ ಅಷ್ಟು ಜಗಳ ಆಡಲಾರರು. ಚಳಿ ಬಿದ್ದು ಎಳ್ಳಮಾವಾಸ್ಯೆ ದಾಟಿದ ಮೇಲೆ ಜೋಳ ಹಾಲುಗಾಳು ಕಟ್ಟುವ ದಿನಗಳು. ಬಾಗಿಲ ಮುಂದೆ ಕುಳ್ಳಿನ ಕೆಂಡ ಮಾಡಿ ತೆನೆ ಸುಟ್ಟು, ಬಿಸಿಬಿಸಿ ಸೀತನಿಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ನನ್ನ ಬಾಯಿಗೇ ಹಾಕುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಕಣದಿಂದ ಬಂದ ಜೋಳ ದನದ ಮನೆಯ ಮುಂದಿನ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಆ ದೊಡ್ಡ ಗುಂಡಿಯ ಬಾಯಿ ಮುಚ್ಚಿ ಮಣ್ಣು ಮೆತ್ತಿ, ಅದರ ಮೇಲೆಯೇ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

"ಕೆಳಗ ಜ್ವಾಳ, ನಡಕ ದನ, ಮ್ಯಾಲ ಮಣ್ಣ. ಇನ್ನೇನ ಬೇಕ ಬೇ ಮನಶ್ಯಾಗ?"

ಒಮ್ಮೆ ನನಗೆ ಮಲೇರಿಯಾ ಬಂದು ನಡುಕ ಹತ್ತಿತು. ಇದ್ದಬದ್ದ ಕೌದಿ ಹೊದಿಸಿದರೂ ನಿಲ್ಲಲಿಲ್ಲ. ಆಕೆ ಹಾಸಿಗೆಸಮೇತ ನನ್ನನ್ನು ಎತ್ತಿಸಿಕೊಂಡು ಹೋಗಿ ಎಮ್ಮೆಯ ಮಗ್ಗುಲಲ್ಲಿ ಮಲಗಿಸಿದಳು. ನಮ್ಮವರು ಆರೋಗ್ಯಶಾಸ್ತ್ರದ ಪಾಠ ಶುರುಮಾಡಿದಾಗ, "ಮಾಸ್ತರ, ನೀವ ಸಾಲಿ ನೋಡ್ಕೋರಿ" ಎಂದು ಬಾಗಿಲು ಎಳೆದುಕೊಂಡಳು. ಜ್ವರ ಬಿಟ್ಟದ್ದು ತಿಕೋಟಾದಿಂದ ತಂದ ಗುಳಿಗೆಯಿಂದಲೇ, ಆದರೆ ಚಳಿ ಬಿಟ್ಟದ್ದು ಎಮ್ಮೆಯ ಉಸಿರಿನಿಂದ. ನಮ್ಮವರು ಕೊನೆತನಕ ಇದನ್ನು ಒಪ್ಪಲಿಲ್ಲ.

ಇನ್ನು ಆ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಅಲ್ಲಿಯ ಮನೆಗಳಿಗೆ ಹೆಂಚಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮುಂಗಾರು ತರುವ ಮಿರಗದ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹೊಸ ಪದರ ಕೊಡಬೇಕು. ಆ ಉಪ್ಪುಮಣ್ಣು ನೀರು ಕುಡಿದು ಬಿಗಿದುಕೊಂಡರೆ ಒಂದು ಹನಿ ಕೆಳಗಿಳಿಯುವುದಿಲ್ಲ. ಕಾಲಿನಿಂದ ತುಳಿದು, ಹಲಗೆಯಿಂದ ಬಡಿದು, ನೀರು ಹರಿಯುವ ದೋಣಿಯ ಕಡೆಗೆ ಇಳಿಜಾರು ಮಾಡಬೇಕು. ದೊಡ್ಡವ್ವನ ಮಾವ ಮಾಡಿದ್ದ, ಗಂಡ ಮಾಡಿದ್ದ, ಗಂಡ ಹೋದ ಮೇಲೆ ಆಕೆ ತಾನೇ ಮಾಳಿಗೆ ಏರಿದ್ದಳು. ಹೆಂಗಸು ಮಾಳಿಗೆ ಏರಿ ಮಣ್ಣು ತುಳಿಯುವುದೇ ಎಂದು ಆಗ ಊರು ನಕ್ಕಿತಂತೆ. ಆ ವರ್ಷ ಊರಿನ ಎಷ್ಟೋ ಮನೆಗಳು ಸೋರಿದವು, ಆಕೆಯದು ಸೋರಲಿಲ್ಲ. ನಕ್ಕವರ ಬಾಯಿ ಮುಚ್ಚಿತು ಎಂದು ಹೇಳುವಾಗ ಆಕೆಯ ಮುಖ ಅರಳುತ್ತಿತ್ತು. ಗಂಡಿಲ್ಲದ ಮನೆಯನ್ನು ಆಕೆ ನಿಲ್ಲಿಸಿಕೊಂಡದ್ದೇ ಆ ಮಣ್ಣಿನಿಂದ.

ಮಣ್ಣು ಹೊತ್ತು ಕೊಡುತ್ತಿದ್ದವನು ಕೇರಿಯವನು. ಮನೆಯ ಹೊಸ್ತಿಲು ದಾಟುವಂತಿರಲಿಲ್ಲ, ಹೊರಗಿನ ನಿಚ್ಚಣಿಕೆಯಿಂದಲೇ ಏರಬೇಕು. ಒಳಗೆ ಬರಬಾರದವನು ಒಳಗಿರುವ ಎಲ್ಲರ ತಲೆಯ ಮೇಲೆ ನಿಂತಿರುತ್ತಿದ್ದ. ಇದನ್ನು ನಾನೊಮ್ಮೆ ನಗುತ್ತಲೇ ಆಕೆಗೆ ಹೇಳಿದೆ. ಆಕೆ ನಗಲಿಲ್ಲ. "ಹಿಂದಿನವರು ಹಂಗ ಮಾಡ್ಕೋತ ಬಂದಾರ" ಎಂದಳು. ಒಪ್ಪಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತಿರುಗಿ ಯೋಚಿಸಬೇಕಾದಲ್ಲೆಲ್ಲ ಆಕೆ ಈ ಒಂದು ಮಾತಿನ ಹಿಂದೆ ಹೋಗಿ ನಿಂತುಬಿಡುತ್ತಿದ್ದಳು. ಅಲ್ಲಿಂದ ಆಕೆಯನ್ನು ಹೊರಗೆ ಎಳೆಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಮಗನಿಗೆ ಅದು ಚೆನ್ನಾಗಿ ಗೊತ್ತಿತ್ತು. ತಾಯಿಯ ಅರ್ಧ ದನಿಯೂ ಇಲ್ಲದ ಮೆದು ಮನುಷ್ಯ. ನಾವು ಆ ಊರಿಗೆ ಬಂದು ಕೆಲವು ವರ್ಷಗಳಾದ ಮೇಲೆ ಒಂದು ಬೇಸಿಗೆಯಲ್ಲಿ, ಆಕೆ ದನದ ಮನೆಯಲ್ಲಿ ಕೂತು ಹಗ್ಗ ತಿದ್ದುತ್ತಿರುವಾಗ ಮಾತು ತೆಗೆದ. ನಾನೂ ಅಲ್ಲೇ ಇದ್ದೆ.

"ಯವ್ವಾ, ಘೋಣಸಗ್ಯಾಗ ಸ್ವಾದರಮಾವನ ಮನ್ಯಾಗ ನೋಡಿ ಬಂದೀನಿ. ಹಳೇ ಮಣ್ಣ ಕಡದ ತಗದು, ಆಮ್ಯಾಗ ಹೊಸಾದ ಹಾಕಾಕತ್ತಾರ. ನಾವು ಮ್ಯಾಲಿಂದ ಮ್ಯಾಲ ಹೇರಾಕ ಹತ್ತೇವಿ. ತೊಲಿ ನೋಡು, ಬಗ್ಗ್ಯಾವ. ಈ ವರ್ಷ ಕಡಿಯೂಣು."

"ನಮ್ಮಣ್ಣಗ ಬುದ್ಧಿ ಎಂದ ಇತ್ತೋ ಈಗ ಬರಾಕ?"

"ಚ್ಯಾಷ್ಟಿ ಅಲ್ಲ ಯವ್ವಾ. ಮೊಳಕ್ಕಿಂತ ದಪ್ಪ ಆಗೇತಿ ಮಣ್ಣ. ಮಳಿ ಕುಡದ್ರ ಎಷ್ಟ ಒಜ್ಜಿ ಆಗತೈತಿ!"

ಆಕೆ ಹಗ್ಗವನ್ನು ಕೆಳಗಿಟ್ಟಳು. "ಆ ಮಣ್ಣ ನಿಮ್ಮಪ್ಪ ಹಾಕಿದ್ದು. ನಿಮ್ಮಜ್ಜ ಹಾಕಿದ್ದು. ತುಳದ ತುಳದ ಕಲ್ಲಾಗಿ ಕುಂತೈತಿ ಅದು. ಅದನ್ನ ಕಡದ ತಿಪ್ಪಿಗಿ ಒಗಿಯಾಕ ನಾ ಇನ್ನೂ ಸತ್ತಿಲ್ಲ."

ಒಲೆಯ ಮುಂದಿದ್ದ ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಳಗಿನಿಂದಲೇ ಅಂದಳು, "ಅತ್ತಿ, ಅವರು ಹೇಳೂದು ಖರೆ ಐತ್ರಿ."

"ನೀ ರೊಟ್ಟಿ ಬಡಿ."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಮಗ ಎದ್ದು ಹೊರಗೆ ಹೋದ.

ಆದರೆ ಆಕೆಗೆ ತಿಳಿಯಲಿಲ್ಲವೆಂದಲ್ಲ. ಆಮೇಲೆ ಒಬ್ಬಳೇ ತೊಲೆಯ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಎರಡು ದಿನ ಬಿಟ್ಟು ತಾನೇ ಮಗನನ್ನು ಕರೆದು, ಬಗ್ಗಿದ ತೊಲೆಗೆ ಆಸರೆಯಾಗಿ ಒಂದು ಜಾಲಿಯ ಕಂಬ ಊರಿಸಿದಳು. "ಕಂಬ ಹಚ್ಚು. ಮಣ್ಣ ಮುಟ್ಟಬ್ಯಾಡ." ಮುಂದಿನ ವರ್ಷ ಇನ್ನೊಂದು ಕಂಬ. ಹೀಗೆ ಕೆಳಗೆ ಕಂಬಗಳೂ ಮೇಲೆ ಮಣ್ಣೂ ಕೂಡಿಯೇ ಹೆಚ್ಚುತ್ತ ಹೋದವು. ಪ್ರತಿ ಬೇಸಿಗೆಯೂ ಮಗ ಕೇಳುತ್ತಿದ್ದ, ಪ್ರತಿ ಬೇಸಿಗೆಯೂ ಆಕೆ ಒಲ್ಲೆ ಎನ್ನುತ್ತಿದ್ದಳು. ತಾಯಿ ಮಲಗಿದಾಗ ಕದ್ದು ಕಡಿದುಬಿಡು ಎಂದು ನಮ್ಮವರು ಅವನಿಗೆ ಹೇಳಿದ್ದೂ ಉಂಟು. "ಹಂಗ ಹ್ಯಾಂಗ್ರಿ ಮಾಸ್ತರ, ಆಕಿ ಜೀವ ಅದು" ಎಂದಿದ್ದ.

ಒಂದು ವರ್ಷ ಮೂಲೆಯೊಂದು ಸ್ವಲ್ಪ ಸೋರಿತು. ಬೇರೆಯವರ ಮನೆಯಲ್ಲಾದರೆ ಅದು ಸೋರಿಕೆಯೇ ಅಲ್ಲ, ಆಕೆಗೆ ಮಾತ್ರ ಮುಖಕ್ಕೆ ಮಸಿ ಹತ್ತಿದಂತಾಯಿತು. ಮುಂದಿನ ಬೇಸಿಗೆಯಲ್ಲಿ ಹಳ್ಳದಿಂದ ಚಕ್ಕಡಿಯ ಮೇಲೆ ಚಕ್ಕಡಿ ಬಂತು. ಯಾವ ವರ್ಷವೂ ಹಾಕದಷ್ಟು ಮಣ್ಣು ಹಾಕಿಸಿದಳು. ಮಗ ಒಂದು ಮಾತೂ ಆಡದೆ ತುಳಿದ. ಕೇಳಿ ಕೇಳಿ ಅವನಿಗೂ ಸಾಕಾಗಿತ್ತು.

ಆ ವರ್ಷದ ಹಸ್ತದ ಮಳೆ ಹುಯ್ದು ಹೋಗುವ ಮಳೆಯಾಗಿರಲಿಲ್ಲ, ಹಿಡಿದ ಮಳೆ. ದಿನಗಟ್ಟಲೆ ಬಿಸಿಲಿಲ್ಲ, ಜಿಟಿಜಿಟಿ ಬಿಡುವಿಲ್ಲ. ಬಿತ್ತನೆಗೆ ಹದವಾಗುತ್ತದೆ ಎಂದು ಊರು ಖುಷಿಯಲ್ಲಿತ್ತು. ಒಂದು ಮಧ್ಯಾಹ್ನ ನಾನು ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ನಮ್ಮವರು ಶಾಲೆಯಲ್ಲಿದ್ದರು. ಗೋಡೆಯಾಚೆ ಚಟ್ ಎಂದಿತು. ಕಟ್ಟಿಗೆ ಮುರಿದ ಸದ್ದು. ಅಂಗಳದಲ್ಲಿದ್ದ ದೊಡ್ಡವ್ವ ಮಗನನ್ನು ಕೂಗಿದ್ದು ಕೇಳಿಸಿತು, "ತಮ್ಮಾ, ಎತ್ತ ಬಿಚ್ಚೋ! ದನ ಹೊರಗ ಹೊಡಿಯೋ!"

ನಾನು ಅಂಗಳಕ್ಕೆ ಓಡಿ ಬಂದೆ. ಅವನು ಎಮ್ಮೆಗಳನ್ನು ಹೊರಗೆ ಅಟ್ಟಿದ. ಆಕಳು, ಕರು ಬಂದವು. ಬಲಗಡೆಯ ಎತ್ತನ್ನು ಹಿಡಿದು ತಂದು ಹಗ್ಗವನ್ನು ತಾಯಿಯ ಕೈಗೆ ಕೊಟ್ಟು ಮತ್ತೆ ಒಳಗೆ ಹೋದ. ಇನ್ನೊಂದು ಎತ್ತು ಬೆದರಿ ಹಿಂದಕ್ಕೆ ಜಗ್ಗುತ್ತಿತ್ತು. ನೆನೆದ ಹಗ್ಗದ ಗಂಟು ಬಿಗಿದುಕೊಂಡು ಬಿಚ್ಚಲು ಬರಲಿಲ್ಲ. "ಕುಡಗೋಲ ತಾ" ಎಂದು ಹೆಂಡತಿಗೆ ಕೂಗಿದ. ಸೊಸೆ ಅಡುಗೆಮನೆಯಿಂದ ಕುಡಗೋಲು ಹಿಡಿದು ನಡುಬಾಗಿಲಿಗೆ ಬಂದಳು. ಅಷ್ಟರಲ್ಲಿ ಮಾಳಿಗೆ ಕೂತಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಹಸಿ ಮೇವಿನ ಹೊರೆ ಕೆಳಗೆ ಹಾಕಿದಂತೆ ಧಪ್ ಎಂದಿತು, ಅಷ್ಟೇ. ಆ ಮಳೆಯಲ್ಲೂ ಒಣ ಧೂಳು ಎದ್ದಿತು. ಎಷ್ಟೋ ವರ್ಷಗಳಿಂದ ನೀರು ಮುಟ್ಟದ ಅಡಿಯ ಮಣ್ಣು ಅದು. ಧೂಳು ಇಳಿದಾಗ ಅತ್ತ ನಡುಬಾಗಿಲಲ್ಲಿ ಸೊಸೆ ಕುಡಗೋಲು ಹಿಡಿದು ನಿಂತಿದ್ದಳು, ಇತ್ತ ಅಂಗಳದಲ್ಲಿ ದೊಡ್ಡವ್ವ ಎತ್ತಿನ ಹಗ್ಗ ಹಿಡಿದು ನಿಂತಿದ್ದಳು. ನಡುವೆ ಮಣ್ಣು. ಊರೆಲ್ಲ ಓಡಿಬಂದು ಸಲಿಕೆಯಿಂದ, ಬುಟ್ಟಿಯಿಂದ, ಕೈಯಿಂದ ಎತ್ತಿತು. ಕೇರಿಯವರು, ಓಣಿಯವರು ಅಂತ ಆಗ ಯಾರೂ ನೋಡಲಿಲ್ಲ. ಎತ್ತಿದಷ್ಟೂ ಮಳೆಗೆ ಕೆಸರಾಗಿ ಮತ್ತೆ ಇಳಿಯುತ್ತಿತ್ತು. ಅವನು ಸಿಕ್ಕಾಗ ಉಸಿರಿರಲಿಲ್ಲ. ಎತ್ತಿನ ಕೊರಳಿನ ಹಗ್ಗ ಅವನ ಕೈಯಲ್ಲೇ ಇತ್ತು.

ಪೊಲೀಸ್ ಪಾಟೀಲರು ಬಂದು, ಮಳೆಯಿಂದ ಮನೆ ಬಿದ್ದು ಸಾವು ಎಂದು ಬರೆಸಿಕೊಂಡು ಹೋದರು. ಬಂಧುಗಳು ಬಂದರು. ಘೋಣಸಗಿಯ ಅಣ್ಣನೂ ಬಂದ. ಎಲ್ಲರೂ ಆಡುವ ಮಾತು ಒಂದೇ, ಅವನ ಆಯುಷ್ಯ ಅಷ್ಟೇ ಇತ್ತು, ದೇವರ ಇಚ್ಛೆ. ಗೋಡೆಗೆ ಒರಗಿ ಕೂತ ದೊಡ್ಡವ್ವ ಪ್ರತಿಯೊಬ್ಬರಿಗೂ ಉತ್ತರ ಕೊಡುತ್ತಿದ್ದಳು.

"ಆಯುಷ್ಯ ಅಲ್ರಿ. ಮಣ್ಣು."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಎದ್ದು ಹೋಗುತ್ತಿದ್ದರು. ನಮ್ಮವರು ಒಮ್ಮೆ, "ದೊಡ್ಡವ್ವಾರ, ನಿಮ್ಮ ತಪ್ಪ ಇಲ್ರಿ, ಮಳಿ ಹಂಗಿತ್ತು" ಎಂದರು. "ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ಮಕ್ಕಳಿಗಿ ಪಾಠ ಹೇಳಾವ್ರು ನೀವು" ಎಂದು ಆಕೆ ಮುಖ ತಿರುಗಿಸಿದಳು.

ಇದಾವುದೂ ಆಕೆಯನ್ನು ಅಷ್ಟು ಸುಡಲಿಲ್ಲ. ಸುಟ್ಟದ್ದು ಸೊಸೆಯ ಮೌನ. ಆ ಹುಡುಗಿ ಎದೆ ಬಡಿದುಕೊಳ್ಳಲಿಲ್ಲ, ತವರಿಗೆ ಹೋಗಿ ಕೂರಲಿಲ್ಲ, ಅತ್ತೆಯ ಕಡೆ ಬೆರಳು ತೋರಿಸಲಿಲ್ಲ. ಮೊದಲಿನಂತೆ ನಸುಕಿಗೆ ಎದ್ದಳು, ಮೊದಲಿನಂತೆ ಅತ್ತೆಯ ತಾಟಿಗೆ ಬಿಸಿ ರೊಟ್ಟಿ ಹಾಕಿದಳು, ನೀರು ತಂದಿಟ್ಟಳು, ತಲೆಯ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಳು. ದೊಡ್ಡವ್ವ ಒಂದು ಚೂರು ಮುರಿದು ಬಾಯಿಗಿಟ್ಟು, ನುಂಗಲಾರದೆ ತಾಟು ಸರಿಸುತ್ತಿದ್ದಳು. ಸೊಸೆ ತಾಟು ತೆಗೆದುಕೊಂಡು ಹೋಗುತ್ತಿದ್ದಳು. ದಿನಾ ಇದೇ.

ಸುಗ್ಗಿ ಬಂತು. ಆ ವರ್ಷದ ಜೋಳ ಭರ್ಜರಿಯಾಗಿ ಬೆಳೆದಿತ್ತು. ದನಗಳು ಬೇವಿನ ಗಿಡದ ಕೆಳಗೆ, ಬಯಲಲ್ಲಿ. ದನದ ಮನೆಯಿದ್ದಲ್ಲಿ ಒಂದು ದಿಬ್ಬ, ಅದರೊಳಗಿಂದ ಮುರಿದ ತೊಲೆಯ ತುದಿಗಳು ಹೊರಗೆ ಚಾಚಿಕೊಂಡಿದ್ದವು. ಹಿಂದಿನ ಮನೆಗೆ ಹೋಗಲು ಅದರ ಬದಿಗೆ ಒಂದು ಕಾಲುದಾರಿ ಬಿಡಿಸಿದ್ದರು. ಆ ದಿಬ್ಬದ ಮಗ್ಗುಲಲ್ಲಿ ಕೂತು ದೊಡ್ಡವ್ವ ನನ್ನ ಕೈ ಹಿಡಿದುಕೊಂಡಳು. ಬೆರಳುಗಳಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ.

"ಆಕಿ ಒಂದ ಮಾತ ಅನ್ನವಲ್ಲಳು ಬೇ. ನೀ ಕೊಂದೀ ಅಂತ ಒಂದ ಸಲ ಅಂದ್ರ ಸಾಕ. ಮಂದಿ ಎಲ್ಲಾ ದೇವರ ಮ್ಯಾಲ ಹಾಕ್ತಾರ. ಆಕಿ ದಿನಾ ರೊಟ್ಟಿ ಹಾಕ್ತಾಳ. ನಾ ಆ ರೊಟ್ಟಿ ಹ್ಯಾಂಗ ತಿನ್ಲಿ? ನೀ ಹೇಳ ಆಕಿಗಿ, ಒಂದ ಸಲ ಅನ್ನಂತ."

ಇಂಥದ್ದನ್ನು ಹೋಗಿ ಯಾರಿಂದ ಹೇಳಲಾದೀತು? ಆಕೆಗೆ ಕ್ಷಮೆ ಬೇಕಾಗಿರಲಿಲ್ಲ. ಹೇಳುವ ಹಕ್ಕಿದ್ದ ಒಬ್ಬಳೇ ಒಬ್ಬಳ ಬಾಯಿಂದ ಸತ್ಯ ಬೇಕಾಗಿತ್ತು. ಅದು ಸಿಗದೆ ಹೋದರೆ ಈ ಹೆಂಗಸು ಮುಂದಿನ ಮಳೆಯನ್ನು ನೋಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಬೇಸಿಗೆ ಮುಗಿಯುತ್ತ ಬಂತು. ನಮ್ಮ ಕೋಣೆಯಂತೆ ಹಿಂದಿನ ಮನೆಯೂ ನಿಂತೇ ಇತ್ತು, ಅದರ ಮೇಲೂ ಅಷ್ಟೇ ವರ್ಷಗಳ ಮಣ್ಣು. ಅದರ ಕೆಳಗೇ ಎರಡು ಮಕ್ಕಳು ಮಲಗುತ್ತಿದ್ದವು. ಒಂದು ಮುಂಜಾನೆ ಸೊಸೆ ಮಕ್ಕಳನ್ನು ತಂದು ನನ್ನ ಕೋಣೆಯಲ್ಲಿ ಬಿಟ್ಟಳು. "ಸಂಜಿತನಕ ನೋಡ್ಕೋರಿ ಅಕ್ಕಾರ" ಎಂದಳು. ಕಚ್ಚೆ ಹಾಕಿ, ಗುದ್ದಲಿ ಹಿಡಿದು ನಿಚ್ಚಣಿಕೆ ಏರಿದಳು. ಅತ್ತೆಯನ್ನು ಕೇಳಲಿಲ್ಲ.

ಹಿಂದಿನ ಮನೆಯ ಗೋಡೆಯ ಬುಡದಲ್ಲಿ ಕೂತಿದ್ದ ದೊಡ್ಡವ್ವ ನೋಡಿದಳು. ಮೇಲಿನಿಂದ ಮೊದಲ ಹೆಂಟೆ ಬಂದು ಆಕೆಯ ಕಾಲ ಬಳಿಯೇ ಬಿದ್ದು ಒಡೆಯಿತು. ಈಗ ಎದ್ದು ಕೂಗುತ್ತಾಳೆ ಎಂದುಕೊಂಡೆ. ಆಕೆ ಎದ್ದಳು, ಆದರೆ ಕೂಗಲಿಲ್ಲ. ಒಳಗಿನಿಂದ ಬುಟ್ಟಿ ತಂದು, ಬಿದ್ದ ಮಣ್ಣನ್ನು ತುಂಬಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದಳು. ಮತ್ತೆ ತುಂಬಿದಳು. ತಿಂಗಳುಗಟ್ಟಲೆ ನೆಟ್ಟಗೆ ಉಣ್ಣದ ಮೈ, ಬುಟ್ಟಿ ಎತ್ತುವಾಗ ತೊನೆಯುತ್ತಿತ್ತು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ತಳ್ಳಿದಳು. ಮೇಲೆ ಒಬ್ಬಳು ಕಡಿಯುತ್ತಿದ್ದಳು, ಕೆಳಗೆ ಒಬ್ಬಳು ಹೊರುತ್ತಿದ್ದಳು.

ಹೊತ್ತು ಏರಿದ ಮೇಲೆ ಬೇರೆ ಬಣ್ಣದ ಮಣ್ಣು ಬೀಳತೊಡಗಿತು. ಬೂದಿಯಂಥ ಬಿಳಿ ಮಣ್ಣು. ದೊಡ್ಡವ್ವ ಒಂದು ಹೆಂಟೆಯನ್ನು ಕೈಯಲ್ಲಿ ಎತ್ತಿಕೊಂಡು ಬೆರಳಿನಿಂದ ತಿಕ್ಕಿ ನೋಡಿದಳು. ಸೊಸೆ ಗುದ್ದಲಿ ನಿಲ್ಲಿಸಿ ಅಂಚಿಗೆ ಬಂದು ನಿಂತಳು.

"ಇದು ಮಾವನವರು ಹಾಕಿದ್ದೇನ್ರಿ ಅತ್ತಿ?"

"ಹೌದು."

"ಬಿಡ್ಲೇನ್ರಿ ಇದನ್ನ?"

ದೊಡ್ಡವ್ವ ಹೆಂಟೆಯನ್ನು ಬುಟ್ಟಿಗೆ ಹಾಕಿದಳು. "ಬ್ಯಾಡ. ಎಲ್ಲಾ ತಗಿ."

ಸೊಸೆ ಕೆಳಗೆ ನೋಡುತ್ತ ನಿಂತೇ ಇದ್ದಳು.

"ಎಲ್ಲಾ ತಗಿ," ಎಂದು ಅತ್ತೆಯ ಮಾತನ್ನೇ ತಿರುಗಿ ಅಂದಳು. "ಈ ಮಾತ ಹ್ವಾದ ವರ್ಷ ಅಂದಿದ್ರ ಅವರ ಇವತ್ತ ಇರ್ತಿದ್ರು. ಎಷ್ಟ ಕೇಳ್ಯಾರ ನಿಮ್ಮನ್ನ! ಕೈ ಮುಗದ ಕೇಳ್ಯಾರ. ನೀವ ಕೊಂದ್ರಿ ಅತ್ತಿ. ಮಳಿ ಅಲ್ಲ, ದೇವರಲ್ಲ. ನೀವ."

ಓಣಿಗೆಲ್ಲ ಕೇಳುವಂತೆ ಅಂದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಸೊಸೆ ಮಾಳಿಗೆಯ ಮೇಲೆಯೇ ಕುಸಿದು ಕೂತು, ಅಷ್ಟು ತಿಂಗಳ ಅಳುವನ್ನು ಒಮ್ಮೆಲೇ ಅತ್ತಳು. ದೊಡ್ಡವ್ವ ಬುಟ್ಟಿಯ ಅಂಚು ಹಿಡಿದು, ತಲೆ ತಗ್ಗಿಸಿ, ಅದು ಮುಗಿಯುವತನಕ ನಿಂತುಕೊಂಡೇ ಕೇಳಿದಳು.

"ಹೌದವ್ವಾ," ಎಂದಳು ಕೊನೆಗೆ. "ನಾನ."

ಇನ್ನೊಂದು ಬುಟ್ಟಿ ತುಂಬಿಕೊಂಡು ತಿಪ್ಪೆಯ ಕಡೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಮೇಲೆ ಗುದ್ದಲಿಯ ಸದ್ದು ಮತ್ತೆ ಕೇಳಿಸಿತು.

ಮಧ್ಯಾಹ್ನ ಸೊಸೆ ಕೆಳಗಿಳಿದು, ಕೈಕಾಲು ತೊಳೆದು, ಅತ್ತೆಯ ಮುಖ ನೋಡದೆ ಒಳಗೆ ಹೋದಳು. ತನ್ನ ತಾಟಿಗೆ ಮಾತ್ರ ರೊಟ್ಟಿ ಹಾಕಿಕೊಂಡು ಮೂಲೆಗೆ ಹೋಗಿ ಕೂತಳು. ಮದುವೆಯಾಗಿ ಬಂದ ದಿನದಿಂದ ಅತ್ತೆಗೆ ಬಡಿಸದೆ ಅವಳು ಉಂಡದ್ದಿಲ್ಲ. ದೊಡ್ಡವ್ವ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತಳು. ಆಮೇಲೆ ತಾನೇ ರೊಟ್ಟಿಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಂಡು, ಪಲ್ಲೆ ಹಾಕಿಕೊಂಡು, ಅಂಗಳಕ್ಕೆ ಬಂದು ಕೂತು, ಒಂದು ಚೂರೂ ಬಿಡದೆ ಉಂಡಳು.